ಗೆಳೆಯನ ಜಂಗಲ್ ಕಾರ್ಬೈನ್

ಜನರ ಮುಖಕ್ಕೆ ಮಂಗಳಾರತಿ ಎತ್ತುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಸುಖವಿದೆ. ಮೈಸೂರಿನಲ್ಲಿದ್ದಾಗ ಅದಕ್ಕೆ ಸಿಗುತ್ತಿದ್ದವರು ಆಟೋದವರು, ತರಕಾರಿಯವರು. ಕ್ಯಾಲಿಫೋರ್ನಿಯಾದ ಡಬ್ಲಿನ್ನಿಗೆ ಬಂದು ನೆಲೆಸಿ, ವಾರವೆಲ್ಲ ಕಂಪ್ಯೂಟರ್ ಚಿಪ್ಪುಗಳ ದೋಷ ಹುಡುಕುವ ಕೆಲಸ ಮಾಡಿ, ಶನಿವಾರ ಹಳೆಯ ಮಿಲಿಟರಿ ರೈಫಲ್‌ಗಳ ಮಾರಾಟಕ್ಕೆ ಹೋಗುವ ಚಟ ಹತ್ತಿದ ಮೇಲೆ ನನ್ನ ನಾಲಿಗೆಗೆ ಸರಿಯಾದ ಮೇವು ಸಿಕ್ಕಿತು.

ಚಟ ಹತ್ತಿಸಿದವರು ಹತ್ತಿರದ ಊರು ವಾಲ್ನಟ್ ಕ್ರೀಕಿನಲ್ಲಿದ್ದ ಒಬ್ಬ ಕೊಡವ ಗೆಳೆಯ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಮೃದು ಮಾತಿನವರು. ಒಂದು ಬಂದೂಕನ್ನು ಕೈಗೆತ್ತಿಕೊಂಡರೆ ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದರು. ಮಾರುವವನು ಕಥೆ ಶುರು ಮಾಡಿದ ಕೂಡಲೇ ಅವನ ಮುಖದಿಂದ ಕಣ್ಣು ಕಿತ್ತು ಕಬ್ಬಿಣದ ಮೇಲೆ ನೆಡಬೇಕು ಎಂದು ಕಲಿಸಿದವರು ಅವರೇ. ತಾತ ಯುದ್ಧದಿಂದ ತಂದದ್ದು, ಸೇನೆಯ ಜನರಲ್ ಒಬ್ಬ ಕೊಟ್ಟದ್ದು, ವಿಧವೆಯೊಬ್ಬಳು ಅಳುತ್ತಾ ಮಾರಿದ್ದು, ಹೀಗೆ ಆ ಸಾಲು ಮೇಜುಗಳ ಮೇಲೆ ಇರುವ ಕಥೆಗಳಿಗೆ ಲೆಕ್ಕವಿಲ್ಲ.

ಅವುಗಳಲ್ಲಿ ಹೆಚ್ಚು ಕಿವಿಗೆ ಹೂವಿಡುವುದು ಜಂಗಲ್ ಕಾರ್ಬೈನ್ ಹೆಸರಿನಲ್ಲಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಕಾಡಿನ ಕಾಳಗಕ್ಕೆಂದು ಮಾಡಿದ ಗಿಡ್ಡ ರೈಫಲ್ ಅದು. ಬಾಯಿಗೆ ಆಲಿಕೆಯಂಥ ಒಂದು ಕೊಳವೆ. ತೂಕ ಇಳಿಸಲೆಂದು ಅಲ್ಲಲ್ಲಿ ಲೋಹವನ್ನೇ ಕೆತ್ತಿ ತೆಗೆದಿರುತ್ತಾರೆ. ನಕಲಿ ಮಾಡುವವರು ಮಾಮೂಲಿ ಉದ್ದನೆಯ ರೈಫಲ್ಲನ್ನು ಗರಗಸದಲ್ಲಿ ಕತ್ತರಿಸಿ, ತುದಿಗೆ ಕೊಳವೆ ಸಿಕ್ಕಿಸಿ ಮಾರುತ್ತಾರೆ. ಆದರೆ ಮರದ ಹೊದಿಕೆಯ ಅಡಿಯಲ್ಲಿ, ನಳಿಗೆಯ ಬುಡದಲ್ಲಿ, ಅಸಲಿಯಲ್ಲಿ ಇರುವ ಆ ಕೆತ್ತಿದ ಗುಳಿಗಳನ್ನು ಅವರು ಮಾಡುವುದಿಲ್ಲ. ಯಾರೂ ಬಿಚ್ಚಿ ನೋಡುವುದಿಲ್ಲ ಎಂಬ ಧೈರ್ಯ.

ನಾನು ಬಿಚ್ಚಿ ನೋಡುತ್ತಿದ್ದೆ. ಒಮ್ಮೆ ಎರಡು ಗಂಟೆ ಡ್ರೈವ್ ಮಾಡಿ ಹೋದ ಒಂದು ಮಾರಾಟದಲ್ಲಿ ಒಬ್ಬ ಮುದುಕ ತನ್ನ ಚಿಕ್ಕಪ್ಪ ಬರ್ಮಾದಲ್ಲಿ ಹೊತ್ತು ತಿರುಗಿದ ಕಾರ್ಬೈನ್ ಇದು ಎಂದ. ಅವನ ಅಪ್ಪಣೆ ಪಡೆದೇ ಹೊದಿಕೆ ಬಿಚ್ಚಿದೆ. ಒಳಗೆ ಲೋಹ ನುಣ್ಣಗೆ, ಗಟ್ಟಿಯಾಗಿ, ಹಾಗೇ ಇತ್ತು. ಸುತ್ತ ಇದ್ದವರಿಗೆಲ್ಲ ಕೇಳುವಂತೆ ವಿವರಿಸಿದೆ. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ಸ್ಯಾಂಡ್‌ವಿಚ್ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನ ಕಿವಿಗಳು ಕೆಂಪಗಾದವು. ಅವನು ಸುಳ್ಳುಗಾರನಲ್ಲ, ಚಿಕ್ಕಪ್ಪನ ಮಾತು ನಂಬಿದ್ದವನು ಎಂದು ನನಗೆ ಆಗಲೇ ಅರ್ಥವಾಗಿತ್ತು. ಆದರೂ ಮಾತು ಮುಗಿಸಿಯೇ ಎದ್ದೆ.

ವಾಪಸು ಬರುವಾಗ ಫ್ರೀವೇಯಲ್ಲಿ ಜೊತೆಗೆ ಬಂದಿದ್ದ ಗೆಳೆಯ ರೇಡಿಯೊ ಆರಿಸಿದರು. ಆಮೇಲೆ, "ಆ ಹೆಂಗಸಿನ ಮುಂದೆ ಹೇಳ್ಬೇಕಿತ್ತಾ?" ಎಂದರು.

"ನಕಲಿ ಅಂದ್ಮೇಲೆ ನಕಲಿ ಸರ್. ಯಾರ ಮುಂದಾದ್ರೇನು?" ಎಂದೆ. ನನಗೆ ಅಂದು ತುಂಬ ಖುಷಿಯಾಗಿತ್ತು.

ಅವರ ಹತ್ತಿರವೂ ಒಂದು ಜಂಗಲ್ ಕಾರ್ಬೈನ್ ಇತ್ತು. ಅಪ್ಪಟ ಅಸಲಿ. ಏಳು ವರ್ಷ ಹುಡುಕಿ, ಹತ್ತಾರು ನಕಲಿಗಳನ್ನು ತಿರಸ್ಕರಿಸಿ ಕೊಂಡದ್ದು. ಅವರ ಅಪ್ಪ ಸೈನ್ಯದಲ್ಲಿದ್ದಾಗ ಯುದ್ಧದ ಕೊನೆಯ ದಿನಗಳಲ್ಲಿ ಅಂಥದೇ ಒಂದನ್ನು ಹಿಡಿದಿದ್ದರಂತೆ. 'ಅಂಥದೇ' ಎನ್ನುತ್ತಿದ್ದರೇ ಹೊರತು 'ಅದೇ' ಎಂದು ಒಮ್ಮೆಯೂ ಹೇಳಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಕೊಡವರ ಆಯುಧ ಪೂಜೆ, ಕೈಲ್ ಮುಹೂರ್ತ, ಬರುತ್ತಿತ್ತು. ಆಗ ಅವರ ಹೆಂಡತಿ ಮನೆಯ ಮೂಲೆಯ ದೀಪದ ಮುಂದೆ ಆ ಕೋವಿಯನ್ನಿಟ್ಟು, ಗಂಧ ಹಚ್ಚಿ, ಗ್ರೋಸರಿಯಿಂದ ತಂದ ಸೇವಂತಿಗೆ ಏರಿಸುತ್ತಿದ್ದರು. ನಾನು ಊಟಕ್ಕೆ ಹೋಗುತ್ತಿದ್ದೆ. ಎಲ್ಲರೂ ಕೈ ಮುಗಿಯುವಾಗ ನಾನೂ ಮುಗಿಯುತ್ತಿದ್ದೆ, ಆದರೆ ನನ್ನ ಕಣ್ಣು ಆ ನಳಿಗೆಯ ಮೇಲೇ ಇರುತ್ತಿತ್ತು. ನಾಲ್ಕು ಸಲ ಕೇಳಿದ್ದೆ, ಕೊಡಿ ಎಂದು. ನಾಲ್ಕು ಸಲವೂ ನಕ್ಕು ಬೆನ್ನು ತಟ್ಟಿ ಕಳಿಸಿದ್ದರು.

ಒಂದು ಏಪ್ರಿಲ್‌ನಲ್ಲಿ ಅವರು ಹಾರ್ಟ್ ಅಟ್ಯಾಕಿನಿಂದ ತೀರಿಕೊಂಡರು. ಅಂತ್ಯಕ್ರಿಯೆಯ ಹಾಲ್‌ನಲ್ಲಿ ನಾನು ಅತ್ತೆ. ಅಳುತ್ತಲೇ, ಆ ಕಾರ್ಬೈನ್ ಇನ್ನು ಯಾರ ಪಾಲಾಗುತ್ತದೋ ಎಂದು ಯೋಚಿಸುತ್ತಿದ್ದೆ.

ಆಗಸ್ಟಿನಲ್ಲಿ ಅವರ ಹೆಂಡತಿಯ ಫೋನು ಬಂತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿಗೆ ಕೋವಿ ಬೇಡವಂತೆ, ನೀವೊಮ್ಮೆ ಬಂದು ನೋಡಿ ಎಂದರು. ಹೋದೆ. ಡೈನಿಂಗ್ ಟೇಬಲ್ಲಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಐದು ರೈಫಲ್‌ಗಳನ್ನು ಸಾಲಾಗಿ ಮಲಗಿಸಿದ್ದರು.

"ಈ ನಾಲ್ಕು ಸೇಲ್ ಮಾಡಿಸಿಕೊಡಿ. ಇದೊಂದು ಇರ್ಲಿ. ಹಬ್ಬಕ್ಕೆ ದೀಪದ ಮುಂದೆ ಇಡ್ಬೇಕಲ್ಲ," ಎಂದರು. ಕಾರ್ಬೈನಿನ ಮೇಲೆ ಕೈಯಿಟ್ಟಿದ್ದರು.

ಅಂದರೆ ಅದು ಮಾರಾಟಕ್ಕೇ ಇಲ್ಲ. ಗುಂಡು ತುಂಬುವ ಬೋಲ್ಟಿಗೆ ಎಣ್ಣೆ ಹಾಕಿ ಎಳೆಯಲು ಬಾರದ ಹೆಂಗಸು ವರ್ಷಕ್ಕೊಂದು ದಿನ ಹೂವಿಡಲು ಇದನ್ನು ಇಟ್ಟುಕೊಳ್ಳಬೇಕೇ? ಇದು ನನಗೆ ಬರಬೇಕಾದದ್ದು ಅನ್ನಿಸಿತು. ನಾನು ಸ್ಕ್ರೂಡ್ರೈವರ್ ತೆಗೆದೆ.

ಮರದ ಹೊದಿಕೆ ಬಿಚ್ಚಿದೆ. ನಳಿಗೆಯ ಬುಡದಲ್ಲಿ ಅಸಲಿಯ ಆ ಗುಳಿಗಳು ಅಚ್ಚುಕಟ್ಟಾಗಿದ್ದವು. ಮುಖ ಗಂಭೀರ ಮಾಡಿಕೊಂಡು ಅಕ್ಕನನ್ನು ಹತ್ತಿರ ಕರೆದೆ.

"ಇಲ್ಲಿ ಬೆರಳಿಡಿ ಅಕ್ಕ. ತಗ್ಗು ಸಿಗ್ತಾ? ಮೆಟಲ್ ಕೆತ್ತಿ ತೆಗ್ದಿದಾರೆ. ಬೇರೆ ಯಾವ್ದೋ ರೈಫಲ್ ಕತ್ತರಿಸಿ, ಉಜ್ಜಿ, ಇದರ ಥರ ಮಾಡಿದಾರೆ."

ಅವರು ತೋರುಬೆರಳಿನಿಂದ ಗುಳಿಯನ್ನು ನಿಧಾನವಾಗಿ ಸವರಿದರು. ಅದು ಅಸಲಿ ಎನ್ನುವುದಕ್ಕೆ ಇದ್ದ ಸಾಕ್ಷಿಯನ್ನೇ ನಾನು ಅವರ ಬೆರಳಿಗೆ ನಕಲಿಯ ಗುರುತೆಂದು ಮುಟ್ಟಿಸಿದ್ದೆ.

"ಇವ್ರಿಗೆ ಗೊತ್ತಿರ್ಲಿಲ್ವಾ? ಇಷ್ಟೆಲ್ಲ ತಿಳಿದೋರು," ಎಂದರು.

ಗೊತ್ತಿರಲಿಲ್ಲ, ಪಾಪ ಮೋಸಹೋದರು ಎಂದಿದ್ದರೆ ಸಾಕಿತ್ತು. ಆದರೆ ಅಷ್ಟಕ್ಕೆ ಅವರಿಗೆ ಕೋವಿಯ ಮೇಲಿನ ಆಸೆ ಹೋಗುತ್ತದೋ ಇಲ್ಲವೋ ಎಂದು ನನಗೆ ಅನುಮಾನ. "ಆಮೇಲೆ ಗೊತ್ತಾಗಿರುತ್ತೆ ಅಕ್ಕ. ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ನಿಮ್ ಹತ್ರ ಮುಚ್ಚಿಟ್ಟಿರ್ಬೇಕು," ಎಂದೆ.

ಅವರು ಕುರ್ಚಿ ಎಳೆದು ಕೂತರು. "ಹನ್ನೊಂದು ವರ್ಷ ಕೈ ಮುಗ್ದಿದೀನಿ ಇದಕ್ಕೆ. ನಾನು ಹೂ ಇಡುವಾಗ ಪಕ್ಕದಲ್ಲೇ ನಿಂತಿರ್ತಿದ್ರು. ಅಪ್ಪನ್ನ ನೆನೆಸಿಕೊಂಡು ಕಣ್ಣು ಬೇರೆ ಒರೆಸಿಕೊಳ್ತಿದ್ರು."

ನಾನು ಮರದ ಹೊದಿಕೆಯನ್ನು ಮತ್ತೆ ಹಾಕಿ ಸ್ಕ್ರೂ ಬಿಗಿದೆ. ಬಿಡಿಭಾಗದ ಬೆಲೆಗೆ ಬೇಕಾದರೆ ನಾನೇ ತೆಗೆದುಕೊಳ್ಳುತ್ತೇನೆ, ಅವಸರವೇನಿಲ್ಲ, ಮುಂದಿನ ಶನಿವಾರ ಬರುತ್ತೇನೆ ಎಂದೆ. ಮೊದಲ ದಿನವೇ ಕೈ ಚಾಚಿದರೆ ಎದುರಿನವರಿಗೆ ಸಂಶಯ ಬರುತ್ತದೆ. ಹೊರಡುವಾಗ ಅವರು ಬಾಗಿಲ ತನಕ ಬರಲಿಲ್ಲ. ಆ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಆ ವಾರ ಮನೆಯ ಸೇಫಿನಲ್ಲಿ ಜಾಗ ಮಾಡಿದೆ. ಆಫೀಸಿನ ಮೀಟಿಂಗುಗಳಲ್ಲಿ ಕೂತು ಅದಕ್ಕೆ ಯಾವ ಎಣ್ಣೆ ಒಳ್ಳೆಯದೆಂದು ಹುಡುಕಿದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ವಾಲ್ನಟ್ ಕ್ರೀಕಿನಲ್ಲಿದ್ದೆ. ಟೇಬಲ್ಲಿನ ಮೇಲೆ ನಾಲ್ಕೇ ರೈಫಲ್‌ಗಳಿದ್ದವು.

"ಅದನ್ನ ಕೊಟ್ಬಿಟ್ಟೆ," ಎಂದರು ಅಕ್ಕ. "ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡ್ದೆ, ಬಂದು ತಗೊಂಡ್ಹೋದ್ರು. ಬೇಡದೆ ಇರೋ ಗನ್ನು ಕೊಟ್ರೆ ಕತ್ತರಿಸಿ ಹಾಕ್ತಾರಂತೆ."

"ನಾನು ತಗೋತೀನಿ ಅಂದಿದ್ನಲ್ಲ ಅಕ್ಕ," ಎಂದೆ.

"ನೀವು ನನ್ನ ಮೇಲಿನ ಕನಿಕರಕ್ಕೆ ಅಂದ್ರಿ. ಸುಳ್ಳು ಮಾಲನ್ನ ನಿಮ್ಮ ತಲೆಗೆ ಕಟ್ಟಿ ನಾನು ದುಡ್ಡು ಈಸ್ಕೊಳ್ಳೋದಾ? ಮತ್ತೆ ಹಬ್ಬ ಬೇರೆ ಬಂತು. ದೀಪ ಹಚ್ಚೋ ಮನೇಲಿ ಅದಿರೋದು ಬೇಡ ಅನ್ನಿಸ್ತು." ಬೆಡ್‌ಶೀಟಿನ ಅಂಚು ಸರಿಮಾಡುತ್ತಾ ಹೇಳಿದರು: "ಮಾವ ಯುದ್ಧದಲ್ಲಿದ್ರು ಅನ್ನೋದೂ ನಿಜವೋ ಏನೋ. ಈಗ ಯಾವ್ದನ್ನ ನಂಬೋದು ಗೊತ್ತಾಗ್ತಿಲ್ಲ."

ಒಳಗೆ ಹೋಗಿ ಒಂದು ಚೀಟಿ ತಂದರು. ಪೊಲೀಸರು ಕೊಟ್ಟ ರಸೀದಿ, ಕೆಳಗೆ ಒಂದು ಫೋನ್ ನಂಬರು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಎದುರು ನಿಂತರು.

"ಸೋಮವಾರದ ತನಕ ಹಾಗೇ ಇಟ್ಟಿರ್ತಾರಂತೆ. ಮನಸ್ಸು ಬದಲಾದ್ರೆ ಕಾಲ್ ಮಾಡಿ ಅಂದ್ರು. ಒಂದ್ವಾರದಿಂದ ನಿದ್ದೆ ಇಲ್ಲ ನಂಗೆ. ಇವ್ರು ನಂಗೆ ಸುಳ್ಳು ಹೇಳಿದ್ರು ಅಂತ ಎಷ್ಟು ಅಂದ್ಕೊಂಡ್ರೂ ಒಳಗೆ ಒಪ್ತಾ ಇಲ್ಲ. ನೀವು ಅವತ್ತು ಸರಿಯಾಗಿ ನೋಡಿದ್ರಿ ತಾನೆ? ಅದು ಖಂಡಿತ ನಕಲಿನೇನಾ?"

'ಇನ್ನೊಂದು ಸಲ ನೋಡಬೇಕು' ಎಂದಿದ್ದರೆ ಸಾಕಿತ್ತು. ನನ್ನ ಮಾನಕ್ಕೂ ಅಂಥ ಧಕ್ಕೆ ಬರುತ್ತಿರಲಿಲ್ಲ, ತಜ್ಞರೂ ಒಮ್ಮೊಮ್ಮೆ ತಪ್ಪುತ್ತಾರೆ. ಅಕ್ಕ ಅಲ್ಲೇ ನಿಂತು ಫೋನ್ ಮಾಡುತ್ತಿದ್ದರು. ಕೋವಿ ಮನೆಗೆ ಬರುತ್ತಿತ್ತು. ಅವರ ಮನಸ್ಸಿಗೆ ಗಂಡನೂ ಮರಳುತ್ತಿದ್ದರು, ಸುಳ್ಳು ಹೇಳದವರಾಗಿ. ಆದರೆ ಒಮ್ಮೆ ಕಳೆದುಕೊಂಡು ಪಡೆದದ್ದನ್ನು ಅವರು ಇನ್ನು ಸಾಯುವ ತನಕ ಯಾರಿಗೂ ಕೊಡುತ್ತಿರಲಿಲ್ಲ. ನನಗೆ ಸಿಗದ ಕೋವಿ ಅವರ ದೀಪದ ಮುಂದೆ ಸೇವಂತಿಗೆ ಮುಡಿದು ಕೂರುವುದು ನನಗೆ ಬೇಡವಾಗಿತ್ತು. ಇದನ್ನು ಬೇರೆ ಯಾವ ರೀತಿಯಲ್ಲಿ ಹೇಳಿದರೂ ಸುಳ್ಳಾಗುತ್ತದೆ.

"ಖಂಡಿತ ನಕಲಿ ಅಕ್ಕ. ನೂರಕ್ಕೆ ನೂರು," ಎಂದೆ.

"ಸದ್ಯ," ಎಂದರು. "ನಿಜವಾದ್ದಾಗಿದ್ರೆ ನಾನು ಎಂಥ ಪಾಪ ಮಾಡ್ದಂಗಾಗ್ತಿತ್ತು." ರಸೀದಿಯನ್ನು ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ, ಇಷ್ಟು ತಿಂಗಳಲ್ಲಿ ಮೊದಲ ಸಲ, ಗಂಡನನ್ನು ಏಕವಚನದಲ್ಲಿ ಬೈದು ಅತ್ತರು.