ಕಲಾಯಿ ಎನ್ನಲು ನಾಚಿದ ನಮ್ಮಣ್ಣ

ನಮ್ಮಣ್ಣನ ಅಂಗಡಿಯ ಮುಂದೆ ಒಂದು ದೊಡ್ಡ ಬೋರ್ಡಿದೆ: ‘ಲೋಹ ಲೇಪನ ತಜ್ಞರು’. ಓದಿದವರು ಒಳಗೆ ವಿಮಾನದ ರೆಕ್ಕೆ ರಿಪೇರಿ ನಡೆಯುತ್ತಿದೆ ಅಂದುಕೊಳ್ಳಬೇಕು. ಒಳಗೆ ಹೋದರೆ ಅದೇ ಇದ್ದಿಲು, ಅದನ್ನು ಊದುವ ಅದೇ ತಿದಿ, ಕಣ್ಣಿಗೆ ಉರಿ ಹಚ್ಚುವ ಅದೇ ನವಸಾಗರದ ಹೊಗೆ. ಹಿತ್ತಾಳೆ ಪಾತ್ರೆ ಕಾಯಿಸಿ, ಒಳಮೈಗೆ ತವರ ಸವರಿ, ಹತ್ತಿಯಿಂದ ಒರೆಸಿ ಬೆಳ್ಳಗೆ ಮಾಡಿಕೊಡುವ ಕೆಲಸ. ಅದಕ್ಕೆ ಕಲಾಯಿ ಎನ್ನುತ್ತಾರೆ. ನಮ್ಮಜ್ಜ ಕಲಾಯಿಯವರು, ನಮ್ಮಪ್ಪ ಕಲಾಯಿಯವರು. ಇವನು ಮಾತ್ರ ತಜ್ಞರು!

ಆ ಬೀದಿಯಲ್ಲಿ ಬಡಗಿ ‘ಇಂಟೀರಿಯರ್’ ಆಗಿದ್ದಾನೆ, ದರ್ಜಿ ‘ಡಿಸೈನರ್’ ಆಗಿದ್ದಾನೆ. ಆಗಲಿ ಬಿಡಿ, ಯಾರಪ್ಪನ ಗಂಟು ಹೋಯಿತು? ಬಡಗಿ ಮೂಲೆಮಟ್ಟ ಹಿಡಿಯುವುದನ್ನು ಬಿಟ್ಟಿಲ್ಲ, ದರ್ಜಿ ಟೇಪು ಬಿಸಾಡಿಲ್ಲ. ನಮ್ಮವನು ಹೆಸರಿನ ಜೊತೆ ಕಸುಬಿನ ನಿಯತ್ತನ್ನೂ ಬಿಟ್ಟ. ಯಾರಾದರೂ ಬಾಗಿಲಲ್ಲಿ ನಿಂತು, “ಕಲಾಯಿಯವ್ರೇ, ಇದ್ದೀರಾ?” ಎಂದು ಕೂಗಿದರೆ ಸಾಕು, ಮುಖ ಹುಳ್ಳಗಾಗುತ್ತದೆ. ಕೇಳಿಸದವನ ಹಾಗೆ ಪೆನ್ನು ಹಿಡಿದು ಕೂರುತ್ತಾನೆ. ಇಡೀ ದಿನ ಆ ಪೆನ್ನಿನಲ್ಲಿ ಏನು ಬರೆಯುತ್ತಾನೋ ಆ ದೇವರೇ ಬಲ್ಲ.

ಕೈ ಮಾತ್ರ ಅಪ್ಪನದೇ, ಅದನ್ನು ಇಲ್ಲವೆನ್ನುವುದಿಲ್ಲ. ಅವನು ಒರೆಸಿದ ಪಾತ್ರೆಯಲ್ಲಿ ಮುಖ ಕಾಣುತ್ತದೆ. ಆದರೆ ನಮ್ಮ ಕಸುಬಿನಲ್ಲಿ ಕೈಗಿಂತ ಕಿವಿ ಮೊದಲು. ಅಪ್ಪ ಹೊಸ ತವರ ತಂದಾಗಲೆಲ್ಲ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸುತ್ತಿದ್ದರು. ಅಸಲಿ ತವರವಾದರೆ ಕಿರ್ರೆಂದು ಕೂಗುತ್ತದೆ. ಸೀಸ ಬೆರೆಸಿದ್ದರೆ ಸದ್ದೇ ಇಲ್ಲ. ಸೀಸ ಹೊಟ್ಟೆಗೆ ಹೋದರೆ ವಿಷ, ಚಿಕ್ಕ ಮಕ್ಕಳಿಗಂತೂ ಕೇಳುವುದೇ ಬೇಡ. ತಿದಿ ಒತ್ತುತ್ತ ಕೂತಿರುತ್ತಿದ್ದ ನನ್ನ ಕಿವಿಗೂ ಅಣ್ಣನ ಕಿವಿಗೂ ಅಪ್ಪ ಆ ಸದ್ದನ್ನು ಸಾವಿರ ಸಲ ಕೇಳಿಸಿದ್ದರು. ಗಿರಾಕಿಗಳ ಮುಂದೆ ಕಡ್ಡಿ ಬಗ್ಗಿಸಿ ಕಿವಿಗೊಡುವುದು ತಜ್ಞರಿಗೆ ಶೋಭೆಯಲ್ಲವಂತೆ. ಅದೆಲ್ಲ ಬೀದಿ ಬೀದಿ ಅಲೆಯುವವರ ಕೆಲಸವಂತೆ. ಥೂ!

ಅಣ್ಣನಿಗೆ ಒಬ್ಬಳೇ ಮಗಳು. ಇವನಂಥವನ ಹೊಟ್ಟೆಯಲ್ಲಿ ಅಂಥ ಹುಡುಗಿ ಹೇಗೆ ಹುಟ್ಟಿದಳೋ! ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ತನ್ನ ಮನೆಯ ಮುಂದಿನ ಕೋಣೆಯಲ್ಲೇ ಶಿಶುವಿಹಾರ ತೆರೆಯುತ್ತೇನೆಂದು ಹೊರಟಳು. ಹದಿನಾಲ್ಕು ಮಕ್ಕಳು ಬರುತ್ತವೆಂದು ಗೊತ್ತಾಯಿತು. ಹಾಲು ಕಾಯಿಸಲು ಅಜ್ಜನ ಕಾಲದ ದೊಡ್ಡ ಹಿತ್ತಾಳೆ ಪಾತ್ರೆಯನ್ನು ಅಟ್ಟದಿಂದ ಇಳಿಸಿ ಕಲಾಯಿಗೆಂದು ತನ್ನಪ್ಪನಿಗೇ ಕೊಟ್ಟಳು.

ಶಿಶುವಿಹಾರ ತೆರೆಯುವ ಹಿಂದಿನ ದಿನ ನಾನು ಕೈಜೋಡಿಸಲು ಅವಳ ಮನೆಗೆ ಹೋಗಿದ್ದೆ. ಪಾತ್ರೆ ಥಳಥಳ ಎನ್ನುತ್ತಿತ್ತು. ಯಾಕೋ ಸೆರಗಿನ ತುದಿಯಿಂದ ಒಳಗೆ ಗಟ್ಟಿಯಾಗಿ ಒಂದು ಸಲ ಉಜ್ಜಿದೆ. ಬಿಳೀ ಸೆರಗಿಗೆ ಪೆನ್ಸಿಲ್ಲಿನಿಂದ ಗೀಚಿದ ಹಾಗೆ ಕಪ್ಪು ಬಂತು. ಅಸಲಿ ತವರ ಹೀಗೆ ಕಪ್ಪು ಬಿಡುವುದಿಲ್ಲ, ಸೀಸ ಬಿಡುತ್ತದೆ. ಯಾರಿಗೂ ಹೇಳದೆ ನೇರ ಅಂಗಡಿಗೆ ನಡೆದೆ.

“ಅಣ್ಣಾ, ಆ ಪಾತ್ರೆಗೆ ಹಾಕಿದ ತವರ ತೋರಿಸು.”

“ಮೆಲ್ಲಗೆ ಮಾತಾಡೇ, ಗಿರಾಕಿಗಳಿದ್ದಾರೆ.”

ಮೇಜಿನ ಮೇಲಿದ್ದ ಕಡ್ಡಿಯನ್ನು ನಾನೇ ಎತ್ತಿಕೊಂಡು, ಅವನ ಕಿವಿಯ ಪಕ್ಕ ಹಿಡಿದು ಬಗ್ಗಿಸಿದೆ. ತುಟಿಪಿಟಕ್ಕೆನ್ನಲಿಲ್ಲ ಆ ಕಡ್ಡಿ. ಅಣ್ಣನ ಮುಖ ಬಿಳಿಚಿಕೊಂಡಿತು. ಎಷ್ಟಾದರೂ ಅಪ್ಪನ ಮಗ, ಗೊತ್ತಾಗದೆ ಇರುತ್ತದೆಯೇ?

“ಪ್ಯಾಕೆಟ್ ಮೇಲೆ ಶುದ್ಧ ಅಂತ ಪ್ರಿಂಟಾಗಿತ್ತು ಕಣೆ. ಕೋಟು ಹಾಕ್ಕೊಂಡು ಬಂದು ಮಾರಿದ್ರು.”

“ಪ್ಯಾಕೆಟ್ ಬಗ್ಗಿಸಿ ನೋಡಿದ್ಯಾ? ಕೋಟು ಬಗ್ಗಿಸಿ ನೋಡಿದ್ಯಾ?”

ನನ್ನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋದ. “ನಿನ್ನ ಕಾಲಿಗೆ ಬೀಳ್ತೀನಿ, ಅವಳಿಗೆ ನೀನು ಹೇಳ್ಬೇಡ. ನಾನೇ ಹೇಳ್ತೀನಿ. ಸಾಯಂಕಾಲದೊಳಗೆ ಪಾತ್ರೆ ತಂದು ಹಳೇದನ್ನ ಕರಗಿಸಿ ತೆಗೆದು, ಅಸಲಿ ತವರ ಹಾಕಿ ಕೊಡ್ತೀನಿ. ಮಗಳ ಮುಂದೆ ನನ್ನ ಮಾನ ತೆಗೀಬೇಡ.” ಕಣ್ಣಲ್ಲಿ ನೀರೂ ತಂದುಕೊಂಡ. ನಾನು ನಂಬಿದೆ. ನನ್ನ ಬುದ್ಧಿಗಿಷ್ಟು!

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹಾಲು ಕಾದಿತ್ತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು ಲೋಟ ಕುಟ್ಟುತ್ತಿದ್ದವು. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತು ತಾಯಂದಿರಿಗೆ ತನ್ನ ಲೇಪನದ ವಿಷಯ ವಿವರಿಸುತ್ತಿದ್ದ. ಇಷ್ಟು ಧೈರ್ಯವಾಗಿ ನಿಂತಿದ್ದಾನೆಂದರೆ ಹೊಸದಾಗಿ ಹಾಕಿಕೊಟ್ಟಿರುತ್ತಾನೆ ಎಂದು ನಾನೂ ಸುಮ್ಮನಾದೆ.

ಮಗಳು ಮೊದಲ ಲೋಟ ತುಂಬಿಸಿ ಅವನ ಹತ್ತಿರ ಬಂದಳು. “ಮೊದಲು ನೀವು ಕುಡೀಬೇಕಪ್ಪಾ. ಆಮೇಲೆ ಮಕ್ಕಳಿಗೆ.”

ಅಣ್ಣ ಲೋಟ ನೋಡಿದ. ಕೈ ಚಾಚಲಿಲ್ಲ.

“ನಂಗೆ ಹಾಲು ಆಗಿಬರಲ್ಲಮ್ಮ. ಮಕ್ಕಳಿಗೆ ಕೊಡು.”

“ಹೋದ ವಾರ ನಮ್ಮನೇಲಿ ಎರಡು ಲೋಟ ಕುಡಿದ್ರಲ್ಲ?”

ಅವನು ಗೋಡೆ ನೋಡಿದ. ಮಗಳು ನನ್ನ ಹತ್ತಿರ ಬಂದು ತಾಯಂದಿರಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಪಿಸುಗುಟ್ಟಿದಳು. “ಅತ್ತೆ, ಪಾತ್ರೆ ಸರಿಯಿಲ್ವಾ?”

“ಇಲ್ಲಮ್ಮ. ಸೀಸ ಇದೆ. ನಿನ್ನೇನೇ ಗೊತ್ತಿತ್ತು ಅವನಿಗೆ. ನಂಗೂ ಗೊತ್ತಿತ್ತು, ನಿಂಗೆ ಹೇಳ್ತೀನಿ ಅಂದಿದ್ದ.”

ಅವಳು ಮಸಿಬಟ್ಟೆ ತಂದಳು. ನಾನೊಂದು ಕಡೆ, ಅವಳೊಂದು ಕಡೆ ಹಿಡಿದು ಆ ಬಿಸಿ ಪಾತ್ರೆಯನ್ನು ಹಿತ್ತಲಿಗೆ ಹೊತ್ತು ಅಷ್ಟೂ ಹಾಲನ್ನು ಮೋರಿಗೆ ಸುರಿದೆವು. ಒಳಗೆ ಮಕ್ಕಳು ಖಾಲಿ ಲೋಟ ಹಿಡಿದು ಅಳತೊಡಗಿದವು.

ಅಣ್ಣ ಹಿಂದೆಯೇ ಬಂದು ನಿಂತಿದ್ದ. ಏನೋ ಒಂದು ಒಳ್ಳೆಯ ಮಾತು ಆಡುತ್ತಾನೆ, ತಪ್ಪಾಯಿತು ಎನ್ನುತ್ತಾನೆ ಎಂದು ಕಾದೆ. ಅವನು ಒಳಗಿದ್ದ ತಾಯಂದಿರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಹಾಲು ಒಡೆದುಹೋಯ್ತು ಅಂತ ಹೇಳೋಣ್ವಾ?”

ಮಗಳು ಖಾಲಿ ಪಾತ್ರೆಯನ್ನು ನೆಲಕ್ಕಿಟ್ಟು, ಬೀದಿಗೆ ಹೋಗುವ ಹಿತ್ತಲ ಬಾಗಿಲು ತೆರೆದಳು.

“ಅಪ್ಪಾ, ನೀವು ಮನೆಗೆ ಹೋಗಿ.”