ಜಾಲಿಗಿಡದ ನುಡಿ

ಮಾಳಸಿದ್ದನಿಗೆ ಕೂತು ಹಾಡಲು ಬರುತ್ತಿರಲಿಲ್ಲ. ಕಬ್ಬೂರಿನ ಕುರುಬರಲ್ಲಿ ಅವನಷ್ಟು ಡೊಳ್ಳಿನ ಹಾಡು ಬಲ್ಲವರು ಯಾರೂ ಇರಲಿಲ್ಲ. ಆದರೆ ಅಷ್ಟನ್ನೂ ಅವನು ಕಲಿತದ್ದು ಅಪ್ಪನ ಜೊತೆ ಕುರಿಗಳ ಹಿಂದೆ ನಡೆಯುತ್ತ. ಬೀರದೇವರ ಹಾಡಿಗೆ ಇಪ್ಪತ್ತೊಂದು ನುಡಿ. ಹಟ್ಟಿ ಬಿಡುವಾಗ ಮೊದಲನೆಯದು, ಹಳ್ಳ ದಾಟುವಾಗ ಐದನೆಯದು. ಓದು ಬಾರದವನಿಗೆ ಆ ದಾರಿಯೇ ಪುಸ್ತಕ.

ಹದಿಮೂರನೆಯ ನುಡಿ ನಮ್ಮ ಹೊಲದ ಬದುವಿನ ಜಾಲಿಗಿಡದ ಕೆಳಗೆ. ದೋಟಿಯಿಂದ ಕಾಯಿ ಉದುರಿಸಿ, ಕುರಿ ತಿಂದು ಮುಗಿಸುವವರೆಗೆ ಅಲ್ಲೇ ನಿಂತು ಹಾಡುತ್ತಿದ್ದ. ನಾನು ಎತ್ತಿಗೆ ನೀರು ಕುಡಿಸುತ್ತ ನೂರಾರು ಸಲ ಕೇಳಿದ್ದೇನೆ. ಈಗ ಒಂದು ಅಕ್ಷರ ನೆನಪಿಲ್ಲ. ಹೊಲದ ಸರ್ವೇ ನಂಬರ್ ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ.

ಎಂಬತ್ತೆಂಟರಲ್ಲಿ ಕಾಲುವೆ ನೀರು ಬಂತು. ಎಲ್ಲರೂ ಕಬ್ಬು ಹಚ್ಚಿದರು, ನಾನೂ ಹಚ್ಚಿದೆ. ನೆರಳಿಗೆ ಕಬ್ಬು ಏಳುವುದಿಲ್ಲವೆಂದು ಜಾಲಿಗಿಡ ಕಡಿಸಿದೆ. ಕುರಿಗಳಿಗೆ ದಾರಿ ಇಲ್ಲದಾಯಿತು.

"ಕಬ್ಬಿನ್ಯಾಗ ಹೊಕ್ಕರ ನೀವು ಬೈತೀರಿ, ಹೊರಗ ನಿಂದರಿಸಿದರ ಕುರಿ ಬೈತಾವ್ರಿ" ಎಂದು ನಕ್ಕ ಮಾಳಸಿದ್ದ, ಎರಡು ವರ್ಷದಲ್ಲಿ ಕುರಿ ಮಾರಿದ. ಮಾರಿದ ಮೇಲೆ ನಗಲಿಲ್ಲ. ಆ ದಾರಿಯನ್ನೂ ತುಳಿಯಲಿಲ್ಲ. ಜೊತೆಗೆ ಹಾಡುತ್ತಿದ್ದ ತಮ್ಮ ಹಾಲಸಿದ್ದನೂ ಆಗಲೇ ತೀರಿಕೊಂಡಿದ್ದ.

ತೊಂಬತ್ತೆರಡರಲ್ಲಿ ಅವನ ತಂಗಿಯ ಮಗ ಭೀಮಸಿ ಹಾಡು ಕಲಿಯುತ್ತೇನೆಂದು ಬಂದ. ಉಗಾರದ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಮಾಳಸಿದ್ದನಿಗೆ ಮೊಣಕಾಲು ಹಿಡಿದಿತ್ತು, ದಮ್ಮಿನ ಕಾಯಿಲೆಯೂ ಇತ್ತು. ಕಟ್ಟೆಯ ಮೇಲೆ ಕೂತು ಶುರು ಮಾಡಿದವನು ಮೂರನೆಯ ನುಡಿಗೇ ನಿಂತ.

"ಮುಂದಿಂದು ಬರವಲ್ದಪಾ. ನಡದರ ಬಂದೀತು."

ಭೀಮಸಿ ಅವನನ್ನು ಖಾಲಿ ಟ್ರೇಲರಿನಲ್ಲಿ ಕೂರಿಸಿಕೊಂಡು ಹಳೆಯ ದಾರಿ ಹಿಡಿದ. "ಕುರಿ ಇಷ್ಟ ಜೋರ ಹೋಗ್ತಾವೇನಲೇ?" ಎಂದು ಬೈದು ಮುದುಕ ಇಳಿದೇಬಿಟ್ಟ. ಕೋಲೂರಿಕೊಂಡು ಮುಂದೆ ಅವನು, ಡೊಳ್ಳು ಹೊತ್ತು ಹಿಂದೆ ಭೀಮಸಿ. ದಿನಾ ಬೆಳಿಗ್ಗೆ ಒಂದಿಷ್ಟು ದೂರ. ಹನ್ನೊಂದು ದಿನದಲ್ಲಿ ಹನ್ನೆರಡು ನುಡಿ ಬಂದವು.

ಆಮೇಲೆ ನಮ್ಮ ಹೊಲ. ನಾನು ಕಬ್ಬಿಗೆ ನೀರು ತಿರುವುತ್ತಿದ್ದೆ. ಮುದುಕ ಬದುವಿನ ಮೇಲೆ ನಿಂತು ಅತ್ತ ನೋಡಿದ, ಇತ್ತ ನೋಡಿದ. ಎರಡೂ ಕಡೆ ಆಳೆತ್ತರದ ಕಬ್ಬು.

"ಆಬಾಸಾಹೇಬ್ರ, ಗಿಡ ಎಲ್ಲಿತ್ತರಿ?"

ನನಗೂ ಗೊತ್ತಾಗಲಿಲ್ಲ. ಬೊಡ್ಡೆಯನ್ನೂ ಕೀಳಿಸಿದ್ದೆ. ಅಂದಾಜಿನಲ್ಲಿ ಒಂದು ಕಡೆ ಕೈ ತೋರಿಸಿದೆ. ಅಲ್ಲಿ ಹೋಗಿ ಕಣ್ಣು ಮುಚ್ಚಿ ನಿಂತ, ತುಟಿ ಅಲುಗಾಡಿತು, "ಇಲ್ರಿ" ಎಂದ. ಮರುದಿನ ಬಂದ. ಅದರ ಮರುದಿನವೂ ಬಂದ. ನನಗೆ ನಾಚಿಕೆ, ನಾಚಿಕೆಯಾದದ್ದಕ್ಕೆ ಸಿಟ್ಟು: ಹೊಲ ನನ್ನದು, ಗಿಡ ನನ್ನದು, ಇವನು ತನ್ನ ಹಾಡನ್ನು ಅಲ್ಲಿ ಯಾಕೆ ಇಟ್ಟಿದ್ದ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಿತ್ತು ನನ್ನ ಪಾಡು.

ನಾಲ್ಕನೆಯ ದಿನ ಮಾಳಸಿದ್ದ ಬದುವಿನ ಮೇಲೆ ಕೂತುಬಿಟ್ಟ. "ದಣದೇನಪಾ ಭೀಮಸಿ. ಅದೊಂದು ಹೋತು. ಇಲ್ಲಿ ಬರೇ ಡೊಳ್ಳ ಬಾರಸು, ಮುಂದ ಹೋಗೂಣು."

ಐದು ವರ್ಷದ ನಂತರ ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಭೀಮಸಿಯ ಮೇಳ ಬಂದು ಹಾಡಿತು. ಎಂಟು ಮಂದಿ, ಎಲ್ಲ ಅವನು ಕಲಿಸಿದವರು. ಮಾಳಸಿದ್ದ ಗೋಡೆಗೆ ಒರಗಿ ಕೂತಿದ್ದ. ಹನ್ನೆರಡನೆಯ ನುಡಿ ಮುಗಿಯಿತು. ಆಮೇಲೆ ಒಂದು ನುಡಿಯಷ್ಟು ಹೊತ್ತು ಬರೀ ಡೊಳ್ಳು. ಜನ ತಲೆದೂಗಿದರು. ಹಾಡು ಮುಗಿದ ಮೇಲೆ, ಅಲ್ಲಿ ಯಾಕೆ ಹಾಡಲಿಲ್ಲವೆಂದು ಮೇಳದವನೊಬ್ಬನನ್ನು ನಾನು ಬೇಕೆಂತಲೇ ಕೇಳಿದೆ.

"ಅಲ್ಲಿ ಹಾಡಂಗಿಲ್ರಿ. ಹಿಂದಿನಿಂದ ಹಂಗ ಪದ್ಧತಿ ಐತ್ರಿ."

ನಾನು ಮಾಳಸಿದ್ದನ ಕಡೆ ತಿರುಗಿದೆ. ನಾನು ಗಿಡ ಕಡಿಸಿದ್ದನ್ನು ಎಲ್ಲರ ಮುಂದೆ ಹೇಳಿಬಿಡಲಿ ಎಂದೇ ಆಸೆಯಿತ್ತು. ಹೇಳಿದರೆ ನನಗೂ ಭಾರ ಇಳಿಯುತ್ತಿತ್ತು. ಅವನು ಮೊಣಕಾಲು ತಿಕ್ಕುತ್ತ ನನ್ನನ್ನೇ ನೋಡಿದ.

"ಖರೇ ಐತ್ರಿ" ಎಂದ. "ಅಲ್ಲಿ ಕುರಿ ಕಾಯಿ ತಿಂತಾವು."