ಪಂಕಜಾಕ್ಷಿ ಹೊಲಿದ ಮೆತ್ತೆ

ಬೆಳಗೋಡಿನ ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಪಂಕಜಾಕ್ಷಿಗೆ ಬಾಯಿ ಜೋರು. ಅಳತೆ ರವಿಕೆ ತಾರದೆ ಬಂದವರನ್ನು, "ನಿನ್ನ ಅಳತೆ ಏನು ನನ್ನ ಕನಸಿಗೆ ಬತ್ತದೇನೇ?" ಎಂದು ವಾಪಸು ಅಟ್ಟುತ್ತಿದ್ದಳು. ಅಕ್ಕನ ಮಗಳು ಆಶಾ ಎದುರಿಗೆ ಬಂದರೆ ಮಾತ್ರ ಆ ಬಾಯಿ ಬೆಣ್ಣೆ. ಅಕ್ಕ ತೀರಿಕೊಂಡಾಗ ಹಸುಗೂಸನ್ನು ಎತ್ತಿಕೊಂಡು ಬಂದವಳು, ತನ್ನ ಮದುವೆಯ ಮಾತೆತ್ತಿದವರಿಗೆಲ್ಲ ಮಂಗಳಾರತಿ ಮಾಡಿ ಕಳಿಸಿದ್ದಳು.

ಆಶಾ ಓಡುತ್ತಿದ್ದಳು. ಅವಳನ್ನು ಹಿಂದೆ ಹಾಕುವ ಹುಡುಗಿ ತಾಲ್ಲೂಕಿನಲ್ಲೇ ಇರಲಿಲ್ಲ. ತೊಂಬತ್ತೆಂಟರಲ್ಲಿ ಜಿಲ್ಲಾ ಕ್ರೀಡಾಕೂಟಕ್ಕೆ ಆಯ್ಕೆಯಾದಳು. ಹಾಸನದಲ್ಲಿ ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುವುದಿತ್ತು. ಅವಳಿಗೆ ಬೇರೆ ಆಸೆಯೇ ಇರಲಿಲ್ಲ, ಚಿಕ್ಕಮ್ಮನಿಗೂ ಇರಲಿಲ್ಲ.

ಆದರೆ ಟಾರು ರಸ್ತೆಯ ಇಳಿಜಾರಿನಲ್ಲಿ ಸವೆದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಓಡಿ ಓಡಿ ಎಡಗಾಲು ಕೈಕೊಟ್ಟಿತು. "ಚಿಕ್ಕಮ್ಮ, ಮೊಣಕಾಲಿನ ಕೆಳಗೆ ಒಂದೇ ಜಾಗ್ದಲ್ಲಿ ನೋಯ್ತೈತೆ," ಎಂದಳು ಆಶಾ. ಡ್ರಿಲ್ ಮಾಸ್ತರು ಸೋಮಯ್ಯ ಮನೆಗೇ ಬಂದು, "ಆಸ್ಪತ್ರೆಗೆ ತೋರ್ಸಿ ಕಣಮ್ಮ. ಅಲ್ಲೀಗಂಟ ಓಡೋದು ಬ್ಯಾಡ," ಎಂದರು.

ತೋರಿಸಿದರೆ ಡಾಕ್ಟರೂ ಓಡಬೇಡ ಎಂದೇ ಹೇಳುತ್ತಾರೆ, ಸೀಟು ಕೈತಪ್ಪುತ್ತದೆ. ಪಂಕಜಾಕ್ಷಿ ತನ್ನದೇ ದಾರಿ ಹಿಡಿದಳು. ಮೈಗೆ ತಕ್ಕಂತೆ ಬಟ್ಟೆ ಹೊಲಿಯುವವಳು ಕಾಲಿಗೆ ಹೊಲಿಯಲಾರಳೇ? ಗದ್ದೆಯ ಜಿಗುಟು ಮಣ್ಣನ್ನು ಹಲಗೆಯ ಮೇಲೆ ತಟ್ಟಿ ಆಶಾಳನ್ನು ಅದರ ಮೇಲೆ ನಿಲ್ಲಿಸಿದಳು. ಆ ಅಚ್ಚನ್ನು ಒಲೆಯ ಮಗ್ಗುಲಲ್ಲಿ ಒಣಗಿಸಿ, ಅದರ ಆಕಾರಕ್ಕೆ ಸರಿಯಾಗಿ ಹವಾಯಿ ಚಪ್ಪಲಿಯ ರಬ್ಬರನ್ನೂ ಜೀಪಿನ ಹಳೆಯ ಸೀಟಿನ ಸ್ಪಂಜನ್ನೂ ಕತ್ತರಿಸಿದಳು. ಮೇಲೆ ಮಖಮಲ್ಲಿನ ತುಂಡು ಹೊಲಿದು ಬೂಟಿನೊಳಗೆ ಮೆತ್ತೆ ಕೂರಿಸಿದಳು.

ಆಶಾ ಬಸ್‌ಸ್ಟ್ಯಾಂಡಿನವರೆಗೆ ಓಡಿ ಬಂದು, "ನೋವು ಹೋಗ್ಬುಡ್ತು ಚಿಕ್ಕಮ್ಮ!" ಎಂದು ಕೂಗಿದಳು. ಪಂಕಜಾಕ್ಷಿ ಹಿಗ್ಗಿ ಹೀರೇಕಾಯಿಯಾದಳು. ನೋವು ಮತ್ತೆ ತಲೆಯೆತ್ತಿದಾಗ ಇನ್ನೊಂದು ಪದರ ಹಾಕಿದಳು. ಆಮೇಲೆ ಮತ್ತೊಂದು. "ಡಾಕ್ಟ್ರು ಏನಂದ್ರು?" ಎಂದು ಸೋಮಯ್ಯ ಕೇಳಿದ್ದಕ್ಕೆ, "ವಾಸಿ ಆಗೈತೆ ಕಣ್ರೀ ಮೇಷ್ಟ್ರೇ," ಎಂದು ಬಾಯಿ ಮುಚ್ಚಿಸಿದಳು.

ಹಾಸನದ ಮೈದಾನದಲ್ಲಿ ಆಶಾ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಒಣಕಟ್ಟಿಗೆ ಮುರಿದಂಥ ಸದ್ದಾಯಿತಂತೆ, ಹಿಂದೆ ಓಡುತ್ತಿದ್ದ ಹುಡುಗಿಯರು ಹೇಳಿದರು. ಪಂಕಜಾಕ್ಷಿಗೆ ಕೇಳಿಸಿದ್ದು ಕಿರುಚಾಟ ಮಾತ್ರ.

"ಮೂಳೆ ಮೊದ್ಲೇ ಬಿರುಕು ಬಿಟ್ಟಿತ್ತು. ಸ್ವಲ್ಪ ದಿನ ಸುಮ್ನೆ ಕೂತಿದ್ರೆ ಕೂಡ್ಕೊಳ್ತಿತ್ತು. ನೋವು ಅಂತ ಹುಡುಗಿ ಹೇಳ್ಲೇ ಇಲ್ವೇನಮ್ಮ?" ಎಂದು ಡಾಕ್ಟರು ಕೇಳಿದರು. ಪಂಕಜಾಕ್ಷಿ ಬೂಟಿನೊಳಗಿನ ಮೆತ್ತೆಯನ್ನು ಕಿತ್ತು ತೆಗೆದಳು. ಆಶಾ ಹೇಳಿದ್ದಳು. ಹೇಳಿದಾಗಲೆಲ್ಲ ತಾನೇ ಒಂದೊಂದು ಪದರ ಹಾಕಿ ಆ ನೋವಿನ ಬಾಯಿ ಕಟ್ಟಿದ್ದಳು.

ಮುರಿದ ಕಾಲು ಗಿಡ್ಡವಾಗಿ ಕೂಡಿಕೊಂಡಿತು. ಈಗ ಆಶಾ ಅಂಗಡಿಯಲ್ಲೇ ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತಾಳೆ. ಕುಂಟು ಕಾಣಬಾರದೆಂದು ಪಂಕಜಾಕ್ಷಿ ಪ್ರತಿ ವರ್ಷ ಮಣ್ಣು ತಟ್ಟಿ ಅಚ್ಚು ತೆಗೆದು, ಎಡಗಾಲಿಗೆ ದಪ್ಪ ಮೆತ್ತೆ ಹೊಲಿಯುತ್ತಾಳೆ. ಈ ಸಲ ಹೊಸದನ್ನು ಹಾಕಿಕೊಂಡು ಆಶಾ ಬಾಗಿಲವರೆಗೆ ನಡೆದು ಬಂದಳು. ಅವಳ ಮುಖ ಕಿವುಚಿದ್ದು ಪಂಕಜಾಕ್ಷಿಗೆ ಕಾಣಿಸಿತು.

"ಒತ್ತತೈತೇನವ್ವ? ಇನ್ನೊಂದು ಪದರ ಹಾಕ್ಲಾ?"

"ಬ್ಯಾಡ ಚಿಕ್ಕಮ್ಮ. ಒಂಚೂರು ನೋಯ್ಲಿ ಬುಡು. ನೋಯ್ತಾ ಇದ್ರೇನೇ ನಂಗೆ ಧೈರ್ಯ."

ಪಂಕಜಾಕ್ಷಿ ಕೈಯಲ್ಲಿದ್ದ ಸ್ಪಂಜನ್ನು ಕೆಳಗಿಟ್ಟಳು.